ಮಾಡೆಲ್ ಚೆನ್ನಾಗಿದೆಯಂತೆ, ಡ್ರಾಯಿಂಗ್ ಮಾತ್ರ ಮೂರು ಸಲ ವಾಪಸ್! ಎಲ್ಲಿ ಎಡವುತ್ತಿದ್ದೇನೆ?

ಐದುವಾರದ_ಡಿಸೈನರ್

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ, ಮೂರು ತಿಂಗಳ ಕ್ಯಾಡ್ ಕೋರ್ಸ್ ಮಾಡಿ, ಪೀಣ್ಯದಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೇನೆ. ಕನ್ವೇಯರ್ ಕೆಲಸ. ಮೊದಲ ಸಲ ನನ್ನೊಬ್ಬನಿಗೇ ಒಂದು ಜಾಬ್ ಬಿಟ್ಟರು: 180 ಮಿ.ಮೀ. ಉದ್ದದ ಶಾಫ್ಟ್, ಎರಡು 6205 ಬೇರಿಂಗ್, ಅವುಗಳ ಹೌಸಿಂಗ್, ಕೆಳಗೆ ಐದು ತೂತಿನ ಬೇಸ್ ಪ್ಲೇಟ್.

ಮಾಡೆಲ್ ಒಂದೇ ದಿನದಲ್ಲಿ ಮುಗಿಸಿದೆ. ಅಸೆಂಬ್ಲಿಯಲ್ಲಿ ಮೌಸ್ ಹಿಡಿದು ಎಳೆದರೆ ಶಾಫ್ಟ್ ಬುಗುರಿಯಂತೆ ತಿರುಗುತ್ತದೆ. ಸಂಕಟ ಶುರುವಾಗಿದ್ದು ಡ್ರಾಯಿಂಗ್‌ನಿಂದ.

ಮೊದಲ ಸಲ, ಇರಲಿ ಅಂತ ಎಲ್ಲಾ ಅಳತೆಗೂ ±0.01 ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ) ಹಾಕಿದೆ. ಲೇತ್ ಕೆಲಸದವರು ಫೋನ್ ಮಾಡಿ "ಏನ್ ಸಾರ್, ಇದು ಚಿನ್ನದ ಶಾಫ್ಟಾ?" ಅಂದರು. ರೇಟು ಕೇಳಿ ನಮ್ಮ ಬಾಸ್ ನನ್ನ ಮುಖ ನೋಡಿದರು. ಎರಡನೇ ಸಲ ಎಲ್ಲಾ ಟಾಲರೆನ್ಸ್ ತೆಗೆದು ಕಳಿಸಿದೆ. 25 ಡಯಾ ಇರಬೇಕಾದ ಶಾಫ್ಟ್ 24.92 ಬಂತು, ಬೇರಿಂಗ್ ಕೈಯಲ್ಲೇ ಜಾರಿ ಹೋಗುತ್ತದೆ. ಕೇಳಿದರೆ "ನಿಮ್ಮ ಡ್ರಾಯಿಂಗ್ ಪ್ರಕಾರ ಸರಿಯಾಗೇ ಇದೆ" ಅಂದರು. ಮೂರನೇ ಸಲ ಬೇಸ್ ಪ್ಲೇಟ್. ನಾಲ್ಕು ಬೋಲ್ಟ್ ಸರಾಗವಾಗಿ ಹೋದವು, ಐದನೆಯದು ಹೋಗಲೇ ಇಲ್ಲ.

ಇನ್ನೊಂದು ಕಾಟ. ಪ್ಲೇಟಿನ ಉದ್ದ 200ರಿಂದ 240 ಮಾಡಿದರೆ ಸ್ಕೆಚ್ ಪೂರ್ತಿ ಸೊಟ್ಟಗಾಗುತ್ತದೆ, ತೂತುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಕೋರ್ಸಿನಲ್ಲಿ ಕಮಾಂಡ್ ಎಲ್ಲಾ ಹೇಳಿಕೊಟ್ಟರು, ಇದನ್ನು ಹೇಳಲಿಲ್ಲ.

ಗೋಕುಲರೋಡ್_ಟರ್ನರ್

ತಮ್ಮಾ, ನಿಮ್ಮ ಲೇತ್‌ನವರ ತಪ್ಪೇನೂ ಇಲ್ಲ ನೋಡ್ರಿ. ನಾನು ಹುಬ್ಬಳ್ಳಿಯಲ್ಲಿ 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ ಒಂದಾದರೂ ಇಂಥ ಡ್ರಾಯಿಂಗ್ ಬರುತ್ತದೆ.

ನಿಮ್ಮ ಟೈಟಲ್ ಬ್ಲಾಕ್‌ನಲ್ಲಿ "ಐಎಸ್‌ಒ 2768-ಎಂ" ಅಂತ ಒಂದು ಸಾಲು ಇರಬೇಕು. ಟೆಂಪ್ಲೇಟ್ ಜೊತೆ ಬಂದಿರುತ್ತದೆ, ಯಾರೂ ಓದುವುದಿಲ್ಲ. ಟಾಲರೆನ್ಸ್ ಬರೆಯದ ಅಳತೆಗೆಲ್ಲ ಅದೇ ಲೆಕ್ಕ. 6ರಿಂದ 30ರವರೆಗೆ ±0.2. ಅಂದರೆ ನಿಮ್ಮ 25, 24.8 ಇದ್ದರೂ ಪಾಸ್. 24.92 ಕೊಟ್ಟವನು ಪಾಪ, ಒಳ್ಳೆಯವನೇ.

ಈಗ ಬೇರಿಂಗ್ ಕೂರುವ ಜಾಗ ನೋಡಿ. 6205ರ ಒಳಗಿನ ತೂತು 25, ಹೊರಗೆ 52, ಅಗಲ 15. ಕನ್ವೇಯರ್‌ನಲ್ಲಿ ಶಾಫ್ಟ್ ತಿರುಗುತ್ತದೆ, ಲೋಡು ಒಂದೇ ಕಡೆ ಎಳೆಯುತ್ತದೆ. ಒಳಗಿನ ರಿಂಗು ಸಡಿಲ ಇದ್ದರೆ ಶಾಫ್ಟಿನ ಮೇಲೆ ನಿಧಾನಕ್ಕೆ ತೆವಳುತ್ತದೆ, ಶಾಫ್ಟ್ ಸವೆಯುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಬಿಗಿ ಬೇಕು. ಅಲ್ಲಿಗೆ ಮಾತ್ರ ಕೆ6 ಬರೆಯಿರಿ. 25ಕ್ಕೆ ಕೆ6 ಅಂದರೆ 25.002ರಿಂದ 25.015. ಸಾಮಾನ್ಯ ಬೇರಿಂಗಿನ ತೂತು 24.990ರಿಂದ 25.000 ಬರುತ್ತದೆ. ಕಳೆದು ನೋಡಿ. ಕಡಿಮೆ ಅಂದರೆ 2 ಮೈಕ್ರಾನ್ ಬಿಗಿ, ಜಾಸ್ತಿ ಅಂದರೆ 25 ಮೈಕ್ರಾನ್. ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ, ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ನಿಮ್ಮ ಇಡೀ ಆಟ.

ಹೌಸಿಂಗ್ ಕಡೆ ಎಚ್7 ಸಾಕು. 52ಕ್ಕೆ 52.000ರಿಂದ 52.030. ಹೊರಗಿನ ರಿಂಗು ಅಲ್ಲಿ ಸರಾಗ ಕೂತರೆ ಒಳ್ಳೆಯದು. ಬಿಸಿಯಾಗಿ ಶಾಫ್ಟ್ ಉದ್ದವಾದಾಗ ಒಂದು ಬೇರಿಂಗಾದರೂ ಅತ್ತಿತ್ತ ಸರಿಯಬೇಕಲ್ಲ. ತೂತಿಗೆ ದೊಡ್ಡಕ್ಷರ, ಶಾಫ್ಟಿಗೆ ಚಿಕ್ಕಕ್ಷರ. ಇದು ತಪ್ಪಿದರೆ ಅರ್ಥವೇ ಉಲ್ಟಾ.

ಉಳಿದದ್ದಕ್ಕೆ ಏನೂ ಬರೆಯಬೇಡಿ. 180 ಉದ್ದಕ್ಕೆ ±0.5 ಇದ್ದರೆ ಯಾರ ಗಂಟು ಹೋಗುತ್ತದೆ? ±0.01 ಅಂದರೆ ಟರ್ನಿಂಗ್ ಆದ ಮೇಲೆ ಗ್ರೈಂಡಿಂಗ್‌ಗೆ ಕಳಿಸಬೇಕು, ಮೈಕ್ರೋಮೀಟರ್ ಹಿಡಿದು ಒಂದೊಂದೂ ನೋಡಬೇಕು. ರೇಟು ಏರದೆ ಇನ್ನೇನು?

ಇನ್ನೊಂದು. ಬೇರಿಂಗ್ ಒರಗುವ ಮೆಟ್ಟಿಲಿನ ಮೂಲೆಯಲ್ಲಿ ಎಷ್ಟು ರೇಡಿಯಸ್ ಕೊಟ್ಟಿದ್ದೀರಿ?

ಐದುವಾರದ_ಡಿಸೈನರ್

2 ಮಿ.ಮೀ. ಚೆನ್ನಾಗಿ ಕಾಣುತ್ತದೆ ಅಂತ.

ಗೋಕುಲರೋಡ್_ಟರ್ನರ್

ಅಯ್ಯೋ. 6205ರ ಮೂಲೆ ಕನಿಷ್ಠ 1 ಮಿ.ಮೀ. ಅಷ್ಟೇ. ಶಾಫ್ಟಿನಲ್ಲಿ 2 ಇಟ್ಟರೆ ಬೇರಿಂಗ್ ಮೆಟ್ಟಿಲಿಗೆ ತಾಗುವುದೇ ಇಲ್ಲ, ರೇಡಿಯಸ್ ಮೇಲೆ ಏರಿ ಕೂರುತ್ತದೆ. 0.6 ಮಾಡಿ. ಬೇರಿಂಗ್ ಕ್ಯಾಟಲಾಗ್‌ನಲ್ಲಿ ಇದಕ್ಕೇ ಒಂದು ಕಾಲಂ ಇದೆ, ನಾಳೆ ಮೊದಲು ಅದನ್ನು ನೋಡಿ.

ಪಾಲಿಟೆಕ್ನಿಕ್_ಮೇಷ್ಟ್ರು

ಟರ್ನರ್ ಸಾಹೇಬರು ಶಾಫ್ಟ್ ನೋಡಿಕೊಂಡರು, ಪ್ಲೇಟಿನ ಕಥೆ ನಾನು ಹೇಳುತ್ತೇನೆ. ನೀವು ಅಳತೆಯನ್ನು ಸರಪಳಿಯಂತೆ ಕೊಟ್ಟಿದ್ದೀರಿ ಅಂತ ನನ್ನ ಊಹೆ. ಮೊದಲ ತೂತಿನಿಂದ ಎರಡನೆಯದಕ್ಕೆ 40, ಅಲ್ಲಿಂದ ಮೂರಕ್ಕೆ 40, ಹೀಗೆ. ಸರಿಯಾ?

ಐದುವಾರದ_ಡಿಸೈನರ್

ಹೌದು ಸರ್! ಹೇಗೆ ಗೊತ್ತಾಯಿತು?

ಪಾಲಿಟೆಕ್ನಿಕ್_ಮೇಷ್ಟ್ರು

ಪ್ರತಿ ವರ್ಷ 60 ಹಾಳೆ ತಿದ್ದುತ್ತೇನೆ ಮಾರಾಯ.

ಅದೇ 2768-ಎಂ ಪ್ರಕಾರ 40ಕ್ಕೆ ±0.3. ಒಂದರಿಂದ ಐದನೇ ತೂತಿಗೆ ನಾಲ್ಕು ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ 0.3 ಒಂದೇ ಕಡೆ ಜಾರಿದರೆ ಕೊನೆಗೆ 1.2 ಮಿ.ಮೀ. ಆಚೆ. ನಿಮ್ಮದು ಎಂ8 ಬೋಲ್ಟು, 9ರ ತೂತು ಅಂದುಕೊಳ್ಳೋಣ. ಪ್ಲೇಟಿನಲ್ಲೂ ಫ್ರೇಮಿನಲ್ಲೂ 9 ಇದ್ದರೆ ಎರಡೂ ತೂತು ಒಂದಕ್ಕೊಂದು ಜಾರಲು ಸಿಗುವ ಜಾಗ ಒಟ್ಟು 1 ಮಿ.ಮೀ. ಅದರಲ್ಲಿ ಫ್ರೇಮಿನವನಿಗೂ ಅರ್ಧ ಬಿಡಬೇಕು. 1.2 ಎಲ್ಲಿ, 0.5 ಎಲ್ಲಿ!

ಬದಲಿಗೆ ಮೊದಲ ತೂತನ್ನೇ ಆಧಾರ ಮಾಡಿಕೊಂಡು 40, 80, 120, 160 ಅಂತ ಎಲ್ಲವನ್ನೂ ಅಲ್ಲಿಂದಲೇ ಕೊಡಿ. ಮೊದಲ ಮೂರಕ್ಕೆ ±0.3, 160ಕ್ಕೆ ±0.5. ಟಾಲರೆನ್ಸ್ ಒಂದರ ಮೇಲೊಂದು ಪೇರಿಕೊಳ್ಳುವುದಿಲ್ಲ. ಅದೇ ಮೆಷಿನ್, ಅದೇ ಡ್ರಿಲ್, ಖರ್ಚೂ ಅಷ್ಟೇ.

ಇದು ಮಾಡೆಲ್‌ನಲ್ಲಿ ಯಾಕೆ ಕಾಣಲಿಲ್ಲ ಅಂದರೆ, ಕಂಪ್ಯೂಟರ್‌ನಲ್ಲಿ 40 ಅಂದರೆ ಸರಿಯಾಗಿ 40. ಅಲ್ಲಿ ಯಾವ ಡ್ರಿಲ್ಲೂ ಅಲುಗುವುದಿಲ್ಲ. ನಿಮ್ಮ ಶಾಫ್ಟ್ ಬುಗುರಿಯಂತೆ ತಿರುಗಿದ್ದೂ ಅದಕ್ಕೇ.

ಪೊಸಿಷನ್_ಮೇಡಂ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲಂಗೋಚಿ. ಇನ್ನೂ ಚೆನ್ನಾಗಿ ಮಾಡಬೇಕೆಂದರೆ ± ಬಿಟ್ಟು ಪೊಸಿಷನ್ ಟಾಲರೆನ್ಸ್ ಕೊಡಿ. ± ಕೊಟ್ಟರೆ ತೂತಿನ ಮಧ್ಯಬಿಂದು ಒಂದು ಚೌಕದೊಳಗೆ ಇರಬೇಕು. ಬೋಲ್ಟು ದುಂಡಗಿದೆ, ಚೌಕ ಯಾಕೆ? ಆ ಚೌಕದ ನಾಲ್ಕು ಮೂಲೆ ಮುಟ್ಟುವ ವೃತ್ತ ಎಳೆದರೆ ಜಾಗ 57% ಜಾಸ್ತಿ ಸಿಗುತ್ತದೆ. ಮೂಲೆಯಲ್ಲಿರುವ ತೂತು ಪಾಸ್ ಆಗುವುದಾದರೆ ಅಷ್ಟೇ ದೂರದಲ್ಲಿ ನೇರ ಪಕ್ಕಕ್ಕಿರುವ ತೂತು ಯಾಕೆ ಫೇಲ್ ಆಗಬೇಕು, ಅಲ್ವಾ? ಆದರೆ ಐದನೇ ವಾರಕ್ಕೇ ಇದೆಲ್ಲ ತಲೆಗೆ ಹಾಕಿಕೊಳ್ಳಬೇಡಪ್ಪ. ನಿಮ್ಮ ಡ್ರಿಲ್ಲಿಂಗ್‌ನವರಿಗೆ ಆ ಚಿಹ್ನೆ ಓದಲು ಬರುತ್ತದಾ ಅಂತ ಮೊದಲು ಕೇಳು.

ಈಗ ನಿನ್ನ ಸೊಟ್ಟ ಸ್ಕೆಚ್ಚಿಗೆ ಬರೋಣ. ಗೆರೆಗಳು ನೀಲಿ ಇವೆಯಾ, ಕಪ್ಪಾ?

ಐದುವಾರದ_ಡಿಸೈನರ್

ಹೆಚ್ಚಿನವು ನೀಲಿ. ಕೆಲವು ಕಪ್ಪು. ಬಣ್ಣಕ್ಕೆ ಅರ್ಥ ಇದೆಯಾ ಮೇಡಂ?

ಪೊಸಿಷನ್_ಮೇಡಂ

ಇದೆ ಪುಟ್ಟಾ, ಅದರಲ್ಲೇ ಎಲ್ಲಾ ಇದೆ. ಒಂದು ಆಯತ ತಗೋ. ನಾಲ್ಕು ಮೂಲೆ. ಒಂದೊಂದು ಮೂಲೆಯೂ ಎಡಬಲ, ಮೇಲೆಕೆಳಗೆ ಅಂತ ಎರಡು ಕಡೆ ಓಡಾಡಬಹುದು. ಒಟ್ಟು 8 ಸ್ವಾತಂತ್ರ್ಯ. ಈಗ ಒಂದೊಂದಾಗಿ ಕಟ್ಟು. ಎರಡು ಗೆರೆ ಅಡ್ಡ ಇರಲಿ: 2 ಹೋಯಿತು. ಎರಡು ಗೆರೆ ನೆಟ್ಟಗಿರಲಿ: ಇನ್ನೆರಡು ಹೋಯಿತು. ಉದ್ದ 200, ಅಗಲ 80: ಇನ್ನೆರಡು. ಉಳಿದದ್ದು 2. ಇಷ್ಟಾದರೂ ಆಯತ ಹಾಳೆಯ ಮೇಲೆ ಎಲ್ಲಿ ಬೇಕಾದರೂ ತೇಲಬಹುದು. ಒಂದು ಮೂಲೆಯನ್ನು ಮೂಲಬಿಂದುವಿಗೆ ಅಂಟಿಸು. ಎಂಟಕ್ಕೆ ಎಂಟೂ ಮುಗಿಯಿತು, ಗೆರೆ ಕಪ್ಪಾಗುತ್ತದೆ. ನೀಲಿ ಅಂದರೆ "ನನ್ನನ್ನು ಇನ್ನೂ ಎಲ್ಲೂ ಕಟ್ಟಿಲ್ಲ" ಅಂತ. ಒಂದು ಅಳತೆ ಬದಲಿಸಿದ ಕೂಡಲೇ ಅವು ತಮಗೆ ತೋಚಿದ ಕಡೆ ಹೋಗುತ್ತವೆ. ಎಂಟಕ್ಕಿಂತ ಜಾಸ್ತಿ ಕಟ್ಟಿದರೆ ಅದೂ ಜಗಳ, ಸಾಫ್ಟ್‌ವೇರ್ ಕೆಂಪು ಹಳದಿ ತೋರಿಸುತ್ತದೆ.

ಇದೇನು ಹೊಸದಲ್ಲ. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಈ ಕಟ್ಟುಪಾಡು ಇತ್ತು. ಲೈಟ್ ಪೆನ್‌ನಲ್ಲಿ ಗೆರೆ ಎಳೆದು "ಇವೆರಡು ಸಮಾಂತರ ಇರಲಿ" ಅಂದರೆ ಕಂಪ್ಯೂಟರ್ ತಾನೇ ಸರಿಮಾಡುತ್ತಿತ್ತು. ಆಮೇಲೆ 1982ರಲ್ಲಿ ಆಟೋಕ್ಯಾಡ್ ಬಂದಾಗ ಹೆಚ್ಚಿನವರಿಗೆ ಸಿಕ್ಕಿದ್ದು ಬರೀ ಎಲೆಕ್ಟ್ರಾನಿಕ್ ಡ್ರಾಯಿಂಗ್ ಬೋರ್ಡು. ಅಳತೆ ಬದಲಿಸಿದರೆ ಮಾಡೆಲ್ ತಾನಾಗಿ ಬದಲಾಗುವುದು ಮಾಮೂಲಾಗಿದ್ದು ಎಂಬತ್ತರ ದಶಕದ ಕೊನೆಗೆ ಪ್ರೊ-ಇಂಜಿನಿಯರ್ ಬಂದ ಮೇಲೆ. 1995ರ ಸಾಲಿಡ್‌ವರ್ಕ್ಸ್ ಅದನ್ನು ಸಾಮಾನ್ಯ ವಿಂಡೋಸ್ ಕಂಪ್ಯೂಟರಿಗೆ ತಂದಿತು.

ಇನ್ನು ತೂತುಗಳ ವಿಷಯ. ನಿನ್ನ ನಡು ತೂತು ಪ್ಲೇಟಿನ ನಡುವಲ್ಲೇ ಇರಬೇಕಾ, ಇಲ್ಲ ಎಡ ಅಂಚಿನಿಂದ 100ರಲ್ಲಿ ಇರಬೇಕಾ? ಇವತ್ತು 200ರ ಪ್ಲೇಟಿನಲ್ಲಿ ಎರಡೂ ಒಂದೇ. ನಾಳೆ 240 ಆದಾಗ ಬೇರೆ ಬೇರೆ. ನಡುವೆ ಅಂತಿದ್ದರೆ ಮಧ್ಯಗೆರೆಗೆ ಕಟ್ಟು, 100 ಅಂತ ಬರೆಯಬೇಡ. ಇದನ್ನೇ ನಾವು ಡಿಸೈನ್ ಇಂಟೆಂಟ್ ಅನ್ನುವುದು.

ಮೂಲೆ ದುಂಡು ಮಾಡುವುದನ್ನು ಕೊನೆಗೆ ಇಟ್ಟುಕೋ. ಮೊದಲೇ ದುಂಡು ಮಾಡಿ ಆ ಅಂಚಿನ ಮೇಲೆ ಮುಂದಿನ ಸ್ಕೆಚ್ ಕೂರಿಸಿದರೆ, ಅಂಚು ಮಾಯವಾದ ದಿನ ಫೀಚರ್ ಟ್ರೀ (ಮಾಡೆಲ್ ಕಟ್ಟಿದ ಹೆಜ್ಜೆಗಳ ಪಟ್ಟಿ) ತುಂಬಾ ಕೆಂಪು ಗುರುತು. ಆದಷ್ಟು ಪ್ಲೇನ್‌ಗಳಿಗೇ ಕಟ್ಟು, ಅಂಚಿಗೆ ಬೇಡ.

ಹಾಳೆ_ಯಾಕೆ_ಬೇಕು

ಎಲ್ಲರೂ ಇನ್ನೂ ಟೂ-ಡಿ ಹಾಳೆ ಹಿಡಿದುಕೊಂಡೇ ಕೂತಿದ್ದೀರಲ್ಲ! ಸ್ಟೆಪ್ ಫೈಲ್ (ಯಾವ ಕ್ಯಾಡ್ ಸಾಫ್ಟ್‌ವೇರಿನಲ್ಲೂ ತೆರೆಯುವ ಮಾಡೆಲ್ ಫೈಲ್) ಕಳಿಸಿ, ಸಿಎನ್‌ಸಿ ತಾನೇ ಮಾಡುತ್ತದೆ. ಬೋಯಿಂಗ್‌ನವರು 777 ವಿಮಾನವನ್ನೇ ಪೂರ್ತಿ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ 1994ರಲ್ಲಿ ಹಾರಿಸಿದರು. ನಾವು 2768 ಓದುತ್ತಾ ಕೂತಿದ್ದೇವೆ.

ಗೋಕುಲರೋಡ್_ಟರ್ನರ್

ಸ್ಟೆಪ್ ಫೈಲಿನಲ್ಲಿ 25 ಅಂತ ಬರುತ್ತದೆ. ಕೆ6 ಎಲ್ಲಿ ಬರುತ್ತದ್ರೀ?

ಪೊಸಿಷನ್_ಮೇಡಂ

ನ್ಯಾಯವಾಗಿ ಹೇಳಬೇಕೆಂದರೆ ಬರುತ್ತದೆ ಸರ್. ಸ್ಟೆಪ್‌ನ ಎಪಿ242 ಅನ್ನುವ ಬಗೆಯಲ್ಲಿ ಟಾಲರೆನ್ಸನ್ನೂ ಮಾಡೆಲ್ ಜೊತೆಗೇ ಕಳಿಸಬಹುದು. ಆದರೆ ಅದನ್ನು ಓದುವ ಸಾಫ್ಟ್‌ವೇರ್ ಆ ಕಡೆಯೂ ಇರಬೇಕು. ನಮ್ಮ ಸಣ್ಣ ವರ್ಕ್‌ಶಾಪ್‌ಗಳಿಗೆ ಹೋಗುವುದು ಹೆಚ್ಚಾಗಿ ಬರೀ ಆಕಾರ. ನಮ್ಮ ಫೀಚರ್ ಟ್ರೀಯೂ ಹೋಗುವುದಿಲ್ಲ, ಆ ಕಡೆಯವರಿಗೆ ಸಿಗುವುದು ಒಂದು ಮೂಕ ಮುದ್ದೆ.

ವಿಮಾನದ ಮಾತು ಬಂತಲ್ಲ, ಏರ್‌ಬಸ್ ಎ380 ನೆನಪಿದೆಯಾ? ಹ್ಯಾಂಬರ್ಗ್‌ನವರು ಕಟಿಯಾ ಅನ್ನುವ ಕ್ಯಾಡ್ ಸಾಫ್ಟ್‌ವೇರಿನ 4ನೇ ಆವೃತ್ತಿಯಲ್ಲಿ, ಟೂಲೂಸ್‌ನವರು 5ರಲ್ಲಿ. ಎರಡರ ನಡುವೆ ವೈರಿಂಗ್ ಡೇಟಾ ಸರಿಯಾಗಿ ದಾಟಲಿಲ್ಲ. ವಿಮಾನದೊಳಗೆ ಹಾಕಲು ಹೋದರೆ ವೈರು ಗಿಡ್ಡ. 2006ರಲ್ಲಿ ಆ ವಿಮಾನ ತಡವಾಗಿದ್ದಕ್ಕೆ ಇದು ದೊಡ್ಡ ಕಾರಣ. ಎಲ್ಲಾ ಕಂಪ್ಯೂಟರಿನಲ್ಲೇ ಇತ್ತು ಅಲ್ಲಿಯೂ.

ಹಾಳೆ_ಯಾಕೆ_ಬೇಕು

ಒಪ್ಪಿದೆ ಮೇಡಂ. ನನಗೂ ಒಮ್ಮೆ ಇಂಚಿನ ಫೈಲ್ ಮಿ.ಮೀ. ಆಗಿ ತೆರೆದು, ಬ್ರಾಕೆಟ್ 25.4 ಪಟ್ಟು ಚಿಕ್ಕದಾಗಿ ಬಂದಿತ್ತು. ಪರದೆಯಲ್ಲಿ ಝೂಮ್ ಆಗಿರುತ್ತದಲ್ಲ, ಗೊತ್ತೇ ಆಗಲಿಲ್ಲ. 😅

ಹಳೇ_ಮಿನಿಡ್ರಾಫ್ಟರ್

ಬೆಂಗಳೂರಿನ ಒಂದು ಡ್ರಾಯಿಂಗ್ ಆಫೀಸಿನಲ್ಲಿ 31 ವರ್ಷ ಇದ್ದೆ, ಈಗ ನಿವೃತ್ತ. ಟ್ರೇಸಿಂಗ್ ಹಾಳೆ, ಇಂಕ್ ಪೆನ್ನು, ಗೆರೆ ತಪ್ಪಿದರೆ ಬ್ಲೇಡಿನಲ್ಲಿ ಕೆರೆಯುವುದು. ಪ್ರಿಂಟ್ ರೂಮಿನ ಅಮೋನಿಯಾ ವಾಸನೆ ಈಗಲೂ ಮೂಗಿನಲ್ಲಿದೆ. ಆ ಕಾಲವೇ ಚೆನ್ನಾಗಿತ್ತು ಅನ್ನಲು ಬಂದಿಲ್ಲ. ಎ0 ಹಾಳೆಯ ನಡುವೆ ತಪ್ಪು ಸಿಕ್ಕಿದ ದಿನ ಅಳು ಬರುತ್ತಿತ್ತು.

ಆದರೆ ಒಂದು ಗೆರೆ ಎಳೆಯಲು ಕಷ್ಟ ಇದ್ದಾಗ, ಈ ನೋಟ ಬೇಕೇ ಬೇಕಾ ಅಂತ ಯೋಚಿಸುತ್ತಿದ್ದೆವು. ಈಗ ಒಂದು ಕ್ಲಿಕ್‌ಗೆ ನಾಲ್ಕು ನೋಟ ಬೀಳುತ್ತವೆ. ಮೊನ್ನೆ ನನ್ನ ಮೊಮ್ಮಗ ಶಾಫ್ಟ್ ಒಂದಕ್ಕೆ ಮುಂದೆ, ಮೇಲೆ, ಎಡ, ಬಲ ಎಲ್ಲಾ ಹಾಕಿದ್ದ. ಮುಂದಿನದೂ ಮೇಲಿನದೂ ಒಂದೇ! ದುಂಡು ಶಾಫ್ಟಿಗೆ ಒಂದು ನೋಟ, ಅಳತೆಯ ಮುಂದೆ ಡಯಾ ಚಿಹ್ನೆ, ಮುಗಿಯಿತು.

ಸೆಕ್ಷನ್‌ನಲ್ಲೂ ನೋಡಿಕೊಳ್ಳಿ. ಅಸೆಂಬ್ಲಿಯನ್ನು ಉದ್ದಕ್ಕೆ ಕತ್ತರಿಸಿ ತೋರಿಸುವಾಗ ಶಾಫ್ಟ್, ಬೋಲ್ಟ್, ಕೀ, ರಿಬ್‌ಗಳಿಗೆ ಹ್ಯಾಚಿಂಗ್ (ಕತ್ತರಿಸಿದ ಭಾಗ ತೋರಿಸುವ ಓರೆ ಗೆರೆ) ಹಾಕುವುದಿಲ್ಲ. ಅದು ಪದ್ಧತಿ. ಸಾಫ್ಟ್‌ವೇರ್‌ಗೆ ನೀವಾಗಿ ಹೇಳದಿದ್ದರೆ ಎಲ್ಲವನ್ನೂ ಕತ್ತರಿಸಿ ಹ್ಯಾಚ್ ಮಾಡಿ ಗುಡ್ಡೆ ಹಾಕುತ್ತದೆ. ಯಾವುದು ಶಾಫ್ಟ್, ಯಾವುದು ಹೌಸಿಂಗ್ ಅಂತ ಓದುವವನಿಗೆ ತಿಳಿಯುವುದಿಲ್ಲ.

ಇನ್ನು ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್: ಯಾವ ಕಡೆಯಿಂದ ಕಂಡ ನೋಟವನ್ನು ಹಾಳೆಯ ಯಾವ ಕಡೆ ಇಡಬೇಕು ಅನ್ನುವ ಎರಡು ಪದ್ಧತಿ. ನಮ್ಮ ಬಿಐಎಸ್‌ನ ಡ್ರಾಯಿಂಗ್ ನಿಯಮಗಳ ಪುಸ್ತಕ ಎಸ್‌ಪಿ 46ರ ಪ್ರಕಾರ ಫಸ್ಟ್ ಆ್ಯಂಗಲ್. ಅಮೆರಿಕದವರದು ಥರ್ಡ್. ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತಾರೆ. ನಾನು ಮರೆತಿಲ್ಲ, ಯಾಕೆಂದರೆ 40 ಬ್ರಾಕೆಟ್ ಗುಜರಿಗೆ ಹೋಗಿದ್ದು ನೋಡಿದ್ದೇನೆ. ಕ್ಯಾಡ್ ಹೊಸದಾಗಿ ಬಂದಿತ್ತು. ಟೈಟಲ್ ಬ್ಲಾಕ್‌ನಲ್ಲಿ ನಮ್ಮ ಫಸ್ಟ್ ಆ್ಯಂಗಲ್ ಚಿಹ್ನೆ, ಸಾಫ್ಟ್‌ವೇರ್ ಸೆಟಿಂಗ್ ಮಾತ್ರ ಥರ್ಡ್. ಮುಖ್ಯ ನೋಟದ ಬಲಕ್ಕೆ ಒಂದು ಪಕ್ಕದ ನೋಟ, ಅದರ ಬಲ ಅರ್ಧದಲ್ಲಿ ಒಂದು ಸ್ಲಾಟು. ಥರ್ಡ್‌ನಲ್ಲಿ ಅದು ಬಲಗಡೆಯಿಂದ ಕಂಡ ನೋಟ, ಅಂದರೆ ಸ್ಲಾಟು ಬ್ರಾಕೆಟ್ಟಿನ ಹಿಂದೆ. ಚಿಹ್ನೆ ನಂಬಿ ಫಸ್ಟ್ ಅಂತ ಓದಿದವನಿಗೆ ಅದು ಎಡಗಡೆಯಿಂದ ಕಂಡದ್ದು, ಸ್ಲಾಟು ಮುಂದೆ. ನಲವತ್ತೂ ಕನ್ನಡಿಯಲ್ಲಿ ಕಂಡ ಹಾಗೆ ಬಂದವು. ಮೆಷಿನ್‌ನವನು ಮಾಡಿದ್ದು ಸರಿಯೇ ಇತ್ತು. ಬೈಸಿಕೊಂಡವನು ಮಾತ್ರ ಅವನೇ.

ಶೀಟ್‌ಮೆಟಲ್_ಅಕ್ಕ

ಎಲ್ಲರೂ ದುಂಡಗಿನ ಜಾಬ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಕನ್ವೇಯರ್ ಅಂದಮೇಲೆ ತಗಡಿನ ಕೆಲಸ ಬಂದೇ ಬರುತ್ತದೆ ತಮ್ಮಾ, ಈಗಲೇ ಕೇಳಿಸಿಕೊಳ್ಳಿ.

2 ಮಿ.ಮೀ. ತಗಡು, ಎಲ್ ಆಕಾರದ ಬ್ರಾಕೆಟ್ಟು, ಹೊರಗಿನಿಂದ 50, 50. ಕತ್ತರಿಸಬೇಕಾದ ಪಟ್ಟಿ ಎಷ್ಟು ಉದ್ದ? 100 ಅಲ್ಲ. ಬೆಂಡಿನ ಒಳ ರೇಡಿಯಸ್ 2 ಅಂದರೆ ನೇರ ಭಾಗ ಪ್ರತಿ ಕಡೆ 46. ಬೆಂಡಿನಲ್ಲಿ ಒಳಗಿನ ಲೋಹ ಕುಗ್ಗುತ್ತದೆ, ಹೊರಗಿನದು ಹಿಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಹಾಗೇ ಇರುತ್ತದೆ. ಅದು ದಪ್ಪದ ಎಷ್ಟನೇ ಭಾಗದಲ್ಲಿದೆ ಅನ್ನುವುದೇ ಕೆ-ಫ್ಯಾಕ್ಟರ್. 0.44 ಹಿಡಿದರೆ ಬೆಂಡಿನ ಉದ್ದ 1.571 × (2 + 0.88), ಅಂದರೆ 4.52. ಒಟ್ಟು 96.52. ಸಾಫ್ಟ್‌ವೇರ್‌ನಲ್ಲಿ 0.5 ಅಂತ ಬಿಟ್ಟಿದ್ದರೆ 96.71 ಬರುತ್ತದೆ. ಒಂದು ಬೆಂಡಿಗೆ 0.19 ವ್ಯತ್ಯಾಸ ಏನು ಮಹಾ ಅನ್ನಿಸುತ್ತದೆ. ಆರು ಬೆಂಡಿನ ಕವರ್ ಮಾಡಿ ನೋಡಿ, 1 ಮಿ.ಮೀ. ದಾಟುತ್ತದೆ, ಮುಚ್ಚಳ ಮುಚ್ಚುವುದಿಲ್ಲ.

ಆ 0.44 ಕೂಡ ನಿಮ್ಮ ಪ್ರೆಸ್‌ಬ್ರೇಕ್‌ನಲ್ಲಿ (ತಗಡು ಮಡಚುವ ಮೆಷಿನ್) ಬರಬೇಕೆಂದಿಲ್ಲ. ಸರಿಯಾಗಿ 100ರ ಪಟ್ಟಿ ಕತ್ತರಿಸಿ, ಮಡಚಿ, ಎರಡೂ ಕಾಲು ಹೊರಗಿನಿಂದ ಅಳೆದು ಕೂಡಿಸಿ. ಮೊತ್ತ 103.48 ಬಂದರೆ ನನ್ನ ಲೆಕ್ಕ ನಿಮಗೂ ಸರಿ. ಬೇರೆ ಬಂದರೆ ಅದು 100ಕ್ಕಿಂತ ಎಷ್ಟು ಜಾಸ್ತಿಯೋ, ಒಂದು ಬೆಂಡಿಗೆ ಅಷ್ಟನ್ನೇ ಕಳೆಯಿರಿ.

ಉದ್ಯಮಬಾಗ್_ಫೌಂಡ್ರಿ

ಬೆಳಗಾವಿಯಿಂದ ಒಂದೇ ಪ್ರಶ್ನೆ. ಹೌಸಿಂಗ್ ಎರಕದ್ದೋ, ಬಿಲ್ಲೆಟ್‌ನಿಂದ (ಲೋಹದ ಗಟ್ಟಿಯಿಂದ) ಕಡಿಯುವುದೋ? ಎರಕ ಅಂತಾದರೆ ನಿಮ್ಮ ಮಾಡೆಲ್ ನಮಗೆ ನೇರ ಉಪಯೋಗ ಆಗುವುದಿಲ್ಲ. ಪ್ಯಾಟರ್ನ್ (ಮರಳಿನಲ್ಲಿ ಅಚ್ಚೊತ್ತುವ ಮಾದರಿ) ಮರಳಿನಿಂದ ಎದ್ದು ಬರಲು ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಬೇಕು. ಬೀಡು ಕಬ್ಬಿಣ ತಣ್ಣಗಾದಾಗ ಸುಮಾರು 1% ಕುಗ್ಗುತ್ತದೆ. 52ರ ತೂತನ್ನು ನಾವು 46ರಲ್ಲೇ ಬಿಡುತ್ತೇವೆ, ಉಳಿದದ್ದು ಮೆಷಿನ್‌ನಲ್ಲಿ. ಎರಕದ ಡ್ರಾಯಿಂಗ್ ಬೇರೆ, ಮೆಷಿನಿಂಗ್ ಡ್ರಾಯಿಂಗ್ ಬೇರೆ ಇದ್ದರೆ ನಮಗೂ ನಿಮಗೂ ನೆಮ್ಮದಿ.

ಐದುವಾರದ_ಡಿಸೈನರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌಸಿಂಗ್ ಬಿಲ್ಲೆಟ್‌ದೇ ಸರ್, ಎರಡೇ ಪೀಸು.

ಮೂರು ದಿನ ಕೂತು ಎಲ್ಲಾ ಮತ್ತೆ ಮಾಡಿದೆ. ಸ್ಕೆಚ್ ಪೂರ್ತಿ ಕಪ್ಪು. ಪ್ಲೇಟ್ 240 ಮಾಡಿದೆ, ತೂತು ನಡುವಲ್ಲೇ ನಿಂತವು! ಶಾಫ್ಟಿಗೆ ಒಂದೇ ನೋಟ. ಎರಡು ಜಾಗದಲ್ಲಿ ಕೆ6, ಮೂಲೆ 0.6, ಉಳಿದದ್ದು ಖಾಲಿ. ಪ್ರೊಜೆಕ್ಷನ್ ಸೆಟಿಂಗ್ ನೋಡಿದರೆ ನನ್ನದೂ ಥರ್ಡ್‌ನಲ್ಲೇ ಇತ್ತು, ಚಿಹ್ನೆ ಫಸ್ಟ್. ಎದೆ ಧಸಕ್ ಅಂತು.

ನಾಲ್ಕನೇ ಸಲ ಕಳಿಸಿದೆ. ಅರ್ಧ ಗಂಟೆಯಲ್ಲಿ ಅದೇ ಲೇತ್‌ನವರ ಫೋನು: "ಡ್ರಾಯಿಂಗ್ ಈಗ ಚೆನ್ನಾಗಿದೆ ಸಾರ್. ಸ್ಪ್ರಾಕೆಟ್ ಕೂರುವ ಕಡೆ ಕೀ-ವೇ ಎಲ್ಲಿ?"

ಸ್ಪ್ರಾಕೆಟ್ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಕೀ ಕೂರಲು ಕಡಿಯುವ ಸೀಳು ಅದು, ಮರೆತೇಬಿಟ್ಟಿದ್ದೆ. ಆ ತುದಿ 24 ಡಯಾ. ಟೇಬಲ್ ನೋಡಿ 8×7 ಕೀ ಅಂತ ತೆಗೆದೆ, ಶಾಫ್ಟಿನಲ್ಲಿ ಆಳ 4. ಮೇಲಿನಿಂದ 4 ಅಂತ ಬರೆದರೆ ಸರಿಯಾ ಟರ್ನರ್ ಅಣ್ಣ?

ಗೋಕುಲರೋಡ್_ಟರ್ನರ್

ಆಳ ಸರಿ. ಆದರೆ 4 ಅಂತ ಬರೆಯಬೇಡಿ. ಕೀ-ವೇ ಕಡಿದ ಮೇಲೆ ಆ ದುಂಡಿನ ನೆತ್ತಿ ಎಲ್ಲಿರುತ್ತದೆ? ಅದನ್ನೇ ಕಡಿದುಬಿಟ್ಟೆವಲ್ಲ! ನಾನು ವರ್ನಿಯರ್ ಎಲ್ಲಿಗೆ ಹಿಡಿಯಲಿ? ಕೆಳಗಿನ ಮೈಯಿಂದ ಕೀ-ವೇ ತಳದವರೆಗೆ 20 ಅಂತ ಕೊಡಿ, ಟಾಲರೆನ್ಸ್ 0, -0.2. ಅಗಲ 8ಕ್ಕೆ ಎನ್9, ದೊಡ್ಡಕ್ಷರದಲ್ಲಿ. ಅಲ್ಲಿ ಮಾತ್ರ ಒಂದು ಸಣ್ಣ ಸೆಕ್ಷನ್ ಹಾಕಿ, ಮತ್ತೆ ನಾಲ್ಕು ನೋಟ ಬೇಡ.